ಮುಂದಿರುವ ನಿಲ್ದಾಣ ಹಿಡಿಯಬೇಕಾ? ಹಿಂದಕ್ಕೆ ಎಂಜಿನ್ ಹಾಕಿ

ಮಡಿಕೇರಿ ಕಡೆ ಜೂನ್ ಬಂತೆಂದರೆ ಮಂಜು ಅಂಗಳ ದಾಟಿ ಜಗಲಿಗೇ ಬಂದು ಕೂರುತ್ತದೆ. ಸಂಜೆ ಹೊರಗೆ ಕಾಲಿಡುವ ಹಾಗಿಲ್ಲ. ಅಂಥ ಒಂದು ಮಳೆಗಾಲದಲ್ಲಿ ನನಗೆ ಅಂಟಿದ ಗೀಳು ಗಗನನೌಕೆ ಸಿಮ್ಯುಲೇಟರ್. ಗುಂಡು ಹಾರಿಸುವ ಆಟ ಅಲ್ಲ ಇದು. ನಿಜವಾದ ಲೆಕ್ಕ, ನಿಜವಾದ ಗುರುತ್ವ. ಕಂಪ್ಯೂಟರಿನಲ್ಲೇ ನೌಕೆ ಓಡಿಸಿ ಬಾಹ್ಯಾಕಾಶ ನಿಲ್ದಾಣಕ್ಕೆ ಜೋಡಿಸುವುದು.

ಆಮೇಲೆ ನೆಂಟರಿಷ್ಟರಲ್ಲಿ ಐದಾರು ಜನಕ್ಕೆ ಕಲಿಸಿದೆ. ಎಲ್ಲರೂ ಮುಗ್ಗರಿಸಿದ್ದು ಒಂದೇ ಕಡೆ. ಅಕ್ಕನ ಮಗ ರಜೆಗೆ ಬಂದವನು ಎರಡು ದಿನ ಪಟ್ಟು ಹಿಡಿದು ಕೂತ. ಮೂರನೇ ದಿನ ಮೌಸ್ ಕುಕ್ಕಿ ಕೇಳಿದ, "ಮಾವ, ಇದೆಂತ ಕರ್ಮ? ಎಂಜಿನ್ ಹಾಕಿದಷ್ಟೂ ದೂರ ಹೋಗ್ತದೆ!" ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಹಂತ 1: ಸಾಫ್ಟ್‌ವೇರ್

ಆರ್ಬಿಟರ್ ಹಾಕಿಕೊಳ್ಳಿ. ಮಾರ್ಟಿನ್ ಶ್ವೈಗರ್ ಎಂಬ ವಿಜ್ಞಾನಿ 2000ನೇ ಇಸವಿಯಲ್ಲಿ ಬಿಡುಗಡೆ ಮಾಡಿದ್ದು. ಪೂರ್ತಿ ಉಚಿತ. 2021ರಲ್ಲಿ ಅದರ ಕೋಡನ್ನೂ ಎಲ್ಲರಿಗೆ ಬಿಟ್ಟುಕೊಟ್ಟರು. ವಿಂಡೋಸ್ ಬೇಕು. ಪ್ರೋಗ್ರಾಂ ಫೈಲ್ಸ್ ಫೋಲ್ಡರ್ ಒಳಗೆ ಮಾತ್ರ ಇಡಬೇಡಿ, ಅನುಮತಿಯ ರಗಳೆ ಶುರುವಾಗುತ್ತದೆ. ಬೇರೆ ಫೋಲ್ಡರ್ ಮಾಡಿ ಅಲ್ಲಿ ಬಿಚ್ಚಿ. ಭೂಮಿ, ಚಂದ್ರನ ಮೇಲ್ಮೈಯ ಸೂಕ್ಷ್ಮ ಚಿತ್ರಗಳ ಕಂತೆ ಬೇರೆಯೇ ಸಿಗುತ್ತದೆ. ಹತ್ತಾರು ಜಿಬಿ ಇದೆ, ನಮ್ಮ ಕಡೆಯ ನೆಟ್‌ವರ್ಕ್‌ಗೆ ಅದರ ಸಹವಾಸ ಬೇಡ. ಕಲಿಯುವುದಕ್ಕೆ ಅದು ಬೇಕಾಗಿಯೂ ಇಲ್ಲ.

ಕರ್ಬಲ್ ಸ್ಪೇಸ್ ಪ್ರೋಗ್ರಾಂ ಎಂಬ ರಾಕೆಟ್ ಆಟ ಆಗಲ್ವಾ ಎಂದು ಮಕ್ಕಳು ಕೇಳುತ್ತಾರೆ. ಖುಷಿಗೆ ಆಗುತ್ತದೆ. ಆದರೆ ಅದರ ಗ್ರಹದ ತ್ರಿಜ್ಯ ಬರೀ 600 ಕಿ.ಮೀ., ನಮ್ಮ ಭೂಮಿಯದು 6,371. ಅಲ್ಲಿ ಸೆಕೆಂಡಿಗೆ ಎರಡೂಕಾಲು ಕಿ.ಮೀ. ವೇಗಕ್ಕೇ ಕಕ್ಷೆ ಸಿಕ್ಕಿಬಿಡುತ್ತದೆ, ಇಲ್ಲಿ ಏಳೂವರೆ ದಾಟಬೇಕು. ಅಲ್ಲಿ ಕೂತ ಅಂದಾಜು ಇಲ್ಲಿ ಕೈಕೊಡುತ್ತದೆ. ನನ್ನ ಕೇಳಿದರೆ ಮೊದಲು ಆರ್ಬಿಟರ್, ಆಮೇಲೆ ಬೇಕಾದ್ದು ಆಡಿ.

ಹಂತ 2: ಕೀಬೋರ್ಡ್

ಜಾಯ್‌ಸ್ಟಿಕ್ ಬೇಡ. ಅಗ್ಗದ ಒಂದು ಜಾಯ್‌ಸ್ಟಿಕ್ ತಂದು ಕೆಟ್ಟಿದ್ದೇನೆ. ಮುಟ್ಟದಿದ್ದರೂ ಎಡಕ್ಕೆ ವಾಲುತ್ತಿತ್ತು, ನೌಕೆ ಬುಗುರಿಯ ಹಾಗೆ ಸುತ್ತುತ್ತಿತ್ತು. ಬೇಕಾದದ್ದು ನಂಬರ್ ಪ್ಯಾಡ್. ಲ್ಯಾಪ್‌ಟಾಪಿನಲ್ಲಿ ಅದಿಲ್ಲದಿದ್ದರೆ ಬೇರೆಯಾಗಿ ಯುಎಸ್‌ಬಿಗೆ ಚುಚ್ಚುವಂಥದ್ದು ಸಿಗುತ್ತದೆ, ಅದನ್ನು ತನ್ನಿ. ಪ್ಯಾಡಿನ 5 ಒತ್ತಿದರೆ ನೌಕೆಯ ಸುತ್ತಾಟ ನಿಲ್ಲುತ್ತದೆ. ಅದರಲ್ಲೇ ಇರುವ ಓರೆಗೆರೆ (/) ಒತ್ತಿದರೆ ಸಣ್ಣ ಎಂಜಿನ್‌ಗಳು ತಿರುಗಿಸುವ ಕೆಲಸ ಬಿಟ್ಟು ತಳ್ಳುವ ಕೆಲಸಕ್ಕೆ ಬರುತ್ತವೆ. ಆಗ 6 ಮುಂದಕ್ಕೆ, 9 ಹಿಂದಕ್ಕೆ. ಚೌಕ ಆವರಣದ ಎಡ ಕೀಲಿ ಒತ್ತಿದರೆ ನೌಕೆಯ ಮೂತಿ ತಾನಾಗಿ ಸಾಗುವ ದಿಕ್ಕಿಗೆ ತಿರುಗುತ್ತದೆ, ಬಲ ಕೀಲಿಗೆ ಅದರ ವಿರುದ್ಧ ದಿಕ್ಕಿಗೆ. ಸದ್ಯಕ್ಕೆ ಇಷ್ಟು ಸಾಕು.

ಒಂದು ಮಾತು. ಶುರುವಿನ ಪರದೆಯಲ್ಲಿ ಮುಗಿಯದ ಇಂಧನಕ್ಕೆ ಒಂದು ಟಿಕ್ ಇದೆ. ಹಾಕಬೇಡಿ. ಅದು ಸಿಕ್ಕವನು ಲೆಕ್ಕ ಕಲಿತದ್ದನ್ನು ನಾನು ಈವರೆಗೆ ನೋಡಿಲ್ಲ.

ಹಂತ 3: ಕಕ್ಷೆಯ ಅಂಕಿ ಓದುವುದು

ಆರ್ಬಿಟ್ ಪರದೆಯಲ್ಲಿ ಕಕ್ಷೆಯ ಅತಿ ಕೆಳಗಿನ ಬಿಂದು, ಅತಿ ಮೇಲಿನ ಬಿಂದು ಕಾಣುತ್ತವೆ. ಕೆಳಗಿನದು 5,900 ಕಿ.ಮೀ. ಎಂದು ತೋರಿಸಿದರೆ ಎಷ್ಟೋ ಜನ "ಅಬ್ಬಾ, ಎಷ್ಟು ಮೇಲಿದ್ದೇನೆ" ಅಂತ ಎಂಜಿನ್ ನಿಲ್ಲಿಸಿ ಕಾಫಿ ತರಲು ಹೋಗುತ್ತಾರೆ. ಬರುವಷ್ಟರಲ್ಲಿ ನೌಕೆ ಸಮುದ್ರದಲ್ಲಿ. ಆ ಅಂಕಿ ನೆಲದಿಂದ ಅಲ್ಲ, ಭೂಮಿಯ ನಡುಮಧ್ಯದಿಂದ. ಅದರಲ್ಲಿ 6,371 ಕಳೆಯಬೇಕು. ಪರದೆಯ ಪಕ್ಕದ ಗುಂಡಿಯಿಂದ ಅದನ್ನು ನೆಲದಿಂದ ಎತ್ತರಕ್ಕೆ ಬದಲಿಸಿ, ಮೊದಲ ದಿನವೇ. ಓರೆ ಅಳೆಯುವ ಚೌಕಟ್ಟನ್ನೂ ಭೂಮಧ್ಯರೇಖೆಗೆ ಬದಲಿಸಿ. ಇಲ್ಲದಿದ್ದರೆ ನಿಲ್ದಾಣದ ಕಕ್ಷೆ ಭೂಮಧ್ಯರೇಖೆಗೆ 51.6 ಡಿಗ್ರಿ ಓರೆ ಎಂದು ಓದಿರುತ್ತೀರಿ, ಪರದೆ ಇನ್ನೇನೋ ಹೇಳುತ್ತಿರುತ್ತದೆ.

ಹಂತ 4: ಹಿಂದೆ ಬಿದ್ದು ಹಿಡಿಯುವುದು

ಎಲ್ಲರೂ ಕೆಡುವುದು ಇಲ್ಲೇ. ನಿಲ್ದಾಣ ಮುಂದೆ ಕಾಣುತ್ತಿದೆ. ಮೂತಿ ಅದರ ಕಡೆಗೆ ತಿರುಗಿಸಿ, ಎಂಜಿನ್ ಒತ್ತುತ್ತೇವೆ. ಸ್ವಲ್ಪ ಹೊತ್ತು ಹತ್ತಿರ ಬಂದ ಹಾಗೆ ಆಗುತ್ತದೆ. ಆಮೇಲೆ ನಾವು ಮೇಲಕ್ಕೆ ಏಳುತ್ತೇವೆ, ನಿಲ್ದಾಣ ಕೆಳಗಿಂದ ಜಾರಿ ಮುಂದೆ ಹೋಗುತ್ತದೆ. ಇನ್ನಷ್ಟು ಒತ್ತಿದರೆ ಇನ್ನಷ್ಟು ದೂರ.

ನಾಚಿಕೆ ಪಡಬೇಡಿ. 1965ರ ಜೂನಿನಲ್ಲಿ ಅಮೆರಿಕದ ಜೆಮಿನಿ 4 ನೌಕೆಯ ಗಗನಯಾತ್ರಿ ಜೇಮ್ಸ್ ಮೆಕ್‌ಡಿವಿಟ್ ಕೂಡ ತನ್ನದೇ ರಾಕೆಟಿನ ಖಾಲಿ ಭಾಗವನ್ನು ಹಿಡಿಯಲು ಹೋಗಿ ಇದೇ ತಪ್ಪು ಮಾಡಿದರು. ಇಂಧನ ಸುಮ್ನೆ ಸುಡುತ್ತಿದೆ ಎಂದು ಕೊನೆಗೆ ಕೈಬಿಟ್ಟರು. ಅದೇ ಡಿಸೆಂಬರಿನಲ್ಲಿ ಜೆಮಿನಿ 6, ಜೆಮಿನಿ 7ರ ಪಕ್ಕಕ್ಕೆ ಒಂದಡಿ ದೂರದವರೆಗೂ ಹೋಯಿತು. ನಡುವೆ ಬದಲಾದದ್ದು ಲೆಕ್ಕ.

ವಿಷಯ ಇಷ್ಟೇ. ಕಕ್ಷೆಯಲ್ಲಿ ಮುಂದಕ್ಕೆ ತಳ್ಳಿದರೆ ಸುತ್ತು ದೊಡ್ಡದಾಗುತ್ತದೆ. ದೊಡ್ಡ ಸುತ್ತಿಗೆ ಜಾಸ್ತಿ ಹೊತ್ತು ಬೇಕು. ಹಾಗಾಗಿ ಹಿಂದೆ ಬೀಳುತ್ತೇವೆ. ಹಿಂದಕ್ಕೆ ತಳ್ಳಿದರೆ ಸುತ್ತು ಚಿಕ್ಕದು, ಬೇಗ ಮುಗಿಯುತ್ತದೆ, ಮುಂದೆ ಹೋಗುತ್ತೇವೆ. ಮುಂದಿರುವುದನ್ನು ಹಿಡಿಯಲು ಬ್ರೇಕ್ ಹಾಕಬೇಕು, ಹಿಂದಿರುವುದು ಬಂದು ಸೇರಲಿ ಎಂದರೆ ವೇಗ ಕೊಡಬೇಕು.

ಎಷ್ಟು? ನಿಲ್ದಾಣದ ಎತ್ತರದಲ್ಲಿ, ಅಂದರೆ ಸುಮಾರು 400 ಕಿ.ಮೀ.ಯಲ್ಲಿ, ಸೆಕೆಂಡಿಗೆ 1 ಮೀಟರ್ ಕಡಿಮೆ ಮಾಡಿದರೆ ಒಂದು ಸುತ್ತು ಮುಗಿಯುವಷ್ಟರಲ್ಲಿ ಸುಮಾರು 17 ಕಿ.ಮೀ. ಮುಂದೆ ಬಂದಿರುತ್ತೀರಿ. ಈ ಒಂದು ಅಂಕಿಯನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿ. ನನ್ನದು ಇನ್ನೂ ಅಲ್ಲೇ ಇದೆ, ಮಳೆಗಾಲದ ಥಂಡಿಗೆ ಅಂಚು ಸುರುಟಿದೆ.

ಪುಸ್ತಕಗಳು ನೆಲದಿಂದ ಹಾರಿಸುವುದರಿಂದ ಶುರು ಮಾಡುತ್ತವೆ. ನಾನು ಬೇಡ ಅನ್ನುತ್ತೇನೆ. ಮೊದಲು ನಿಲ್ದಾಣ ಬಿಟ್ಟು ಹೋಗುವುದನ್ನು ಕಲಿಯಿರಿ. ಡೆಲ್ಟಾ ಗ್ಲೈಡರ್ ನೌಕೆ ನಿಲ್ದಾಣಕ್ಕೆ ಜೋಡಿಕೊಂಡೇ ಇರುವ ಸನ್ನಿವೇಶ ತೆರೆಯಿರಿ. ಕಂಟ್ರೋಲ್ ಜತೆ ಡಿ ಒತ್ತಿ ಬಿಡಿಸಿಕೊಳ್ಳಿ. ಮೆಲ್ಲಗೆ ನೂರಿನ್ನೂರು ಮೀಟರ್ ಸರಿದು ನಿಲ್ಲಿ. ಈಗ ಮೂತಿ ಸಾಗುವ ದಿಕ್ಕಿಗೆ ತಿರುಗಿಸಿ, ದಾರಿಯಲ್ಲಿ ನಿಲ್ದಾಣ ಅಡ್ಡ ಇಲ್ಲ ಎಂದು ನೋಡಿಕೊಂಡು, ಸಣ್ಣ ಎಂಜಿನ್‌ನಿಂದ ಸೆಕೆಂಡಿಗೆ 3 ಮೀಟರ್ ವೇಗ ಕೊಡಿ. ದೊಡ್ಡ ಎಂಜಿನ್ ಮುಟ್ಟಬೇಡಿ, ಅದು ಕೆಮ್ಮಿದರೂ 3 ಮೀಟರ್ ದಾಟುತ್ತದೆ.

ಈಗ ಕಾಯಬೇಕು. ಒಂದು ಸುತ್ತಿಗೆ ಸುಮಾರು 92 ನಿಮಿಷ. ಟಿ ಒತ್ತಿ ಸಮಯವನ್ನು ನೂರು ಪಟ್ಟು ಓಡಿಸಿದರೆ ಒಂದು ನಿಮಿಷದೊಳಗೆ ಮುಗಿಯುತ್ತದೆ, ಆರ್ ಒತ್ತಿದರೆ ನಿಧಾನ. ಸುತ್ತು ಮುಗಿದು ಹೊರಟ ಜಾಗಕ್ಕೆ ಬಂದಾಗ ನಿಲ್ದಾಣ ನಿಮಗಿಂತ ಸುಮಾರು 50 ಕಿ.ಮೀ. ಮುಂದೆ ಇರುತ್ತದೆ. ಮುಂದಕ್ಕೆ ತಳ್ಳಿಯೂ ಹಿಂದೆ ಬಿದ್ದಿದ್ದೀರಿ! ಅಲ್ಲೇ ಸೆಕೆಂಡಿಗೆ 3 ಮೀಟರ್ ವೇಗ ಹಿಂದಕ್ಕೆ ತಳ್ಳಿ. ದೂರ ಇದ್ದಷ್ಟೇ ನಿಲ್ಲುತ್ತದೆ.

ಇನ್ನು ವಾಪಸ್. ಮತ್ತೆ 3 ಮೀಟರ್ ಹಿಂದಕ್ಕೆ. ನೌಕೆ ಕೆಳಗಿಳಿಯುತ್ತದೆ, ಆಚೆ ಬದಿಯಲ್ಲಿ ಹತ್ತು ಕಿ.ಮೀ.ಯಷ್ಟು. ಆಗ ಗಾಬರಿಯಾಗಿ ಮೂತಿ ಎತ್ತಿ ಎಂಜಿನ್ ಒತ್ತುವವರೇ ಜಾಸ್ತಿ. ಕೈ ಕಟ್ಟಿ ಕೂರಿ. ಸುತ್ತು ಮುಗಿದಾಗ ತಾನಾಗಿ ಮೇಲೆ ಬಂದು ನಿಲ್ದಾಣದ ಹತ್ತಿರ ಇರುತ್ತೀರಿ. ಅಲ್ಲಿ 3 ಮೀಟರ್ ಮುಂದಕ್ಕೆ ಕೊಟ್ಟು ನಿಲ್ಲಿ. ಒಂದೆರಡು ಕಿ.ಮೀ. ಆಚೀಚೆ ಆದರೆ ತಲೆಕೆಡಿಸಿಕೊಳ್ಳಬೇಡಿ. ಕೊನೆಯ ಐದು ನಿಮಿಷ ಮಾತ್ರ ಸಮಯವನ್ನು ಮಾಮೂಲಿ ವೇಗಕ್ಕೆ ಇಳಿಸಿ.

ಹಾಕಿ ಆಡಿದವರಿಗೆ ಇದು ಬೇಗ ಹಿಡಿಸುತ್ತದೆ. ಫಾರ್ವರ್ಡ್ ನಿಂತಲ್ಲಿಗೆ ಯಾರಾದರೂ ಪಾಸ್ ಕೊಡುತ್ತಾರಾ? ಅವನು ಓಡಿ ಮುಟ್ಟುವ ಜಾಗಕ್ಕೆ ಅಲ್ವಾ ಚೆಂಡು ಹೋಗಬೇಕಾದ್ದು? ಅಕ್ಕನ ಮಗನಿಗೆ ಇಷ್ಟು ಹೇಳಿದ ಮೇಲೆ ನಾಲ್ಕನೇ ಸಲಕ್ಕೆ ಮಾಡಿ ತೋರಿಸಿದ.

ಹಂತ 5: ಜೋಡಿಸುವುದು

ಒಂದೆರಡು ಕಿ.ಮೀ. ಒಳಗೆ ಬಂದ ಮೇಲೆ ಗುರಿಗೆ ನೇರ ಹೋಗಬಹುದು. ನನ್ನ ಮಿತಿ ಇದು: ಒಂದು ಕಿ.ಮೀ. ದೂರದಲ್ಲಿ ಸೆಕೆಂಡಿಗೆ 5 ಮೀಟರ್, ನೂರು ಮೀಟರಿನಲ್ಲಿ ಅರ್ಧ ಮೀಟರ್, ಕೊನೆಗೆ 10 ಸೆಂಟಿಮೀಟರ್. ಮೊದಲು ಸುತ್ತಾಟ ನಿಲ್ಲಿಸಿ, ಮೂತಿಯನ್ನು ನಿಲ್ದಾಣದ ಜೋಡಣೆ ದ್ವಾರಕ್ಕೆ ನೇರ ಮಾಡಿ. ಆಮೇಲೆ ಎಡ, ಬಲ, ಮೇಲೆ, ಕೆಳಗೆ ತಳ್ಳಿ ಸರಿಪಡಿಸಿ. ಪಕ್ಕಕ್ಕೆ ಜಾರಿದ್ದನ್ನು ಮೂತಿ ತಿರುಗಿಸಿ ಸರಿ ಮಾಡಲು ಹೋದರೆ ಕೆಟ್ಟಿತು. ಎರಡೂ ಒಟ್ಟಿಗೆ ಬೇಡವೇ ಬೇಡ. ಇದನ್ನಷ್ಟೇ ಬೇರೆಯಾಗಿ ರೂಢಿ ಮಾಡಲು ಸ್ಪೇಸ್‌ಎಕ್ಸ್ 2020ರಲ್ಲಿ ಬಿಟ್ಟ ಡ್ರ್ಯಾಗನ್ ನೌಕೆಯ ಸಿಮ್ಯುಲೇಟರ್ ಇದೆ. ಬ್ರೌಸರಿನಲ್ಲೇ ಓಡುತ್ತದೆ, ದುಡ್ಡಿಲ್ಲ.

ಸರಿ ಕಾಣದಿದ್ದರೆ ಹಿಂದೆ ಸರಿಯಿರಿ. ನಮ್ಮ ಇಸ್ರೊ ಸ್ಪೇಡೆಕ್ಸ್ ಎಂಬ ಜೋಡಣೆ ಪ್ರಯೋಗದಲ್ಲಿ ಮಾಡಿದ್ದೂ ಅದನ್ನೇ. 2025ರ ಜನವರಿಯಲ್ಲಿ ಎರಡು ಉಪಗ್ರಹಗಳನ್ನು 15 ಮೀಟರಿಗೆ, ಆಮೇಲೆ 3 ಮೀಟರಿಗೆ ತಂದು, ಮತ್ತೆ ದೂರಕ್ಕೆ ಒಯ್ದರು. ಜೋಡಿಸಿದ್ದು ನಾಲ್ಕು ದಿನ ಬಿಟ್ಟು, 16ರಂದು.

ನೂರು ಮೀಟರಿಗೆ ಬಂದಾಗ ಕಂಟ್ರೋಲ್ ಜತೆ ಎಸ್ ಒತ್ತಿ ಉಳಿಸಿಕೊಳ್ಳಿ. ನಾನು ಮೊದಲ ಸಲ 8 ಮೀಟರ್ ದೂರದಲ್ಲಿದ್ದೆ, ಎಲ್ಲೋ ಸಿಲ್ವರ್ ಮರ ಲೈನ್ ಮೇಲೆ ಬಿತ್ತು, ಕರೆಂಟ್ ಹೋಯಿತು. ಬಂದದ್ದು ಮೂರನೇ ದಿನ.

ಹಂತ 6: ನೆಲದಿಂದ ಹಾರಿಸುವುದು

ಈಗ ಫ್ಲಾರಿಡಾದ ಕೆನಡಿ ನೆಲೆಯಿಂದ ಹಾರಿಸಿ. ನಿಲ್ದಾಣದ ಕಕ್ಷೆ ತಲೆಯ ಮೇಲೆ ಬರುವವರೆಗೆ ಕಾದು, ಈಶಾನ್ಯಕ್ಕೆ, ಉತ್ತರದಿಂದ ಸುಮಾರು 43 ಡಿಗ್ರಿಯತ್ತ. ಅವಸರ ಬೇಡ. ಕಕ್ಷೆಯ ಓರೆ ಒಂದು ಡಿಗ್ರಿ ತಪ್ಪಿದರೂ ಮೇಲೆ ಹೋಗಿ ಸರಿಪಡಿಸಲು ಸೆಕೆಂಡಿಗೆ ಸುಮಾರು 134 ಮೀಟರ್ ವೇಗ ಬದಲಿಸುವಷ್ಟು ಇಂಧನ ಬೇಕು. ಮೇಲಿನ ಹಂತದಲ್ಲಿ ನಾವು 3 ಮೀಟರಿಗೆ ಜುಗ್ಗತನ ಮಾಡಿದ್ದು ನೆನಪಿರಲಿ.

ಹಂತ 7: ಇಳಿಯುವುದು

ಇಳಿಯಬೇಕಾದ ಜಾಗಕ್ಕೆ ಅರ್ಧ ಸುತ್ತು ಮೊದಲೇ ಹಿಂದಕ್ಕೆ ಸೆಕೆಂಡಿಗೆ ಸುಮಾರು 100 ಮೀಟರ್ ವೇಗ ತಳ್ಳಿ, ಗಾಳಿ ಸಿಗುವ ಮೊದಲು ಮೂತಿಯನ್ನು 40 ಡಿಗ್ರಿ ಎತ್ತಿ ಹಿಡಿಯಿರಿ. ಮೊದಲ ನಾಲ್ಕೈದು ಸಲ ರನ್‌ವೇ ಸಿಗುವುದಿಲ್ಲ, ಸಮುದ್ರ ಸಿಗುತ್ತದೆ. ಅಕ್ಕನ ಮಗ ಒಮ್ಮೆ ನೆಲವನ್ನೇ ಮುಟ್ಟಿಸಿದ, ಆದರೆ ಚಕ್ರ ಬಿಚ್ಚಲು ಮರೆತಿದ್ದ.