ಸಿಮೆಂಟ್ ಇಲ್ಲದೆ ಹಿತ್ತಿಲಿಗೆ ಚಪ್ಪಡಿ ಹಾಸಿದ್ದು

ಹಿತ್ತಿಲಿಗೆ ಕಲ್ಲು ಹಾಸಬೇಕು ಅಂದಾಗ ಮೇಸ್ತ್ರಿ ಹೇಳಿದ್ದು ಒಂದೇ ಮಾತು: "ಕಾಂಕ್ರೀಟ್ ಹಾಕ್ಸಿ ಮೇಲೆ ಟೈಲ್ಸ್ ಅಂಟಿಸ್ಬಿಡಿ ಸಾರ್, ಬೇಗ ಮುಗಿಯುತ್ತೆ." ನನಗದು ಬೇಡವಾಗಿತ್ತು. ನಮ್ಮದು ತುಮಕೂರು, ಬೀಳುವ ಮಳೆಯೇ ಕಡಿಮೆ. ಬಿದ್ದಷ್ಟನ್ನೂ ಚರಂಡಿಗೆ ಹರಿಸಿ ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವುದು ನನಗೆ ಒಪ್ಪಿಗೆಯಿಲ್ಲ. ಸಾಲದ್ದಕ್ಕೆ ಅಡುಗೆಮನೆಯ ಬಚ್ಚಲ ಪೈಪು ಅದೇ ಜಾಗದ ಅಡಿಯಲ್ಲಿ ಹಾದುಹೋಗಿದೆ. ಅದು ಕಟ್ಟಿಕೊಂಡರೆ ಕಾಂಕ್ರೀಟ್ ಒಡೆಸದೆ ವಿಧಿಯಿಲ್ಲ. ಜಲ್ಲಿ, ಅದರ ಮೇಲೆ ಮರಳು, ಅದರ ಮೇಲೆ ಕಲ್ಲು, ಅಷ್ಟೇ ಸಾಕು ಎಂದುಕೊಂಡು ನಾನೇ ಕೈಹಾಕಿದೆ.

ಜಾಗ 12 ಅಡಿ ಉದ್ದ, 10 ಅಡಿ ಅಗಲ. ಕರಿಬೇವಿನ ಗಿಡದ ಸುತ್ತ ಮಣ್ಣು ಹಾಗೇ ಇರಲಿ ಎಂದು ಆ ಮೂಲೆಯನ್ನು ಹೊರಗಿಟ್ಟೆ. ಕಲ್ಲು 2 ಅಡಿಗೆ 1 ಅಡಿ, ಸುಮಾರು 2 ಇಂಚು ದಪ್ಪದ ಬಿಳಿ ಗ್ರಾನೈಟ್ ಚಪ್ಪಡಿ. ಒಂದೊಂದು 25 ಕೆಜಿ ತೂಗುತ್ತದೆ. ಒಬ್ಬರೇ ಎತ್ತಿ ಇಡಬಹುದಾದ ಅಳತೆ ಎಂದೇ ಅದನ್ನು ಆರಿಸಿದ್ದು. ಶಹಾಬಾದ್ ಕಲ್ಲು ನೋಡಲು ಚೆಂದ, ಆದರೆ ಅದು ಸುಣ್ಣದ ಕಲ್ಲು. ನಮ್ಮ ಹಿತ್ತಿಲಲ್ಲಿ ಹುಣಸೆಹಣ್ಣು ತೊಳೆಯುತ್ತಾರೆ, ಉಪ್ಪಿನಕಾಯಿಗೆ ನಿಂಬೆಹಣ್ಣು ಹೆಚ್ಚುತ್ತಾರೆ. ಹುಳಿ ಬಿದ್ದಲ್ಲೆಲ್ಲ ಅದು ಕಲೆಗಟ್ಟುತ್ತದೆ. ಪಾಲಿಶ್ ಮಾಡಿದ ಕಲ್ಲಂತೂ ಹಿತ್ತಿಲಿಗೆ ತರಲೇಬಾರದು, ನೀರು ಬಿದ್ದರೆ ವಯಸ್ಸಾದವರು ಜಾರುತ್ತಾರೆ.

ಮೊದಲು ಎಂಟು ಇಂಚು ಅಗೆದೆ. ಮೇಲಿನ ಕಪ್ಪು ಮಣ್ಣನ್ನು ಗಿಡಗಳಿಗೆ ಹಾಕಿ, ಕೆಳಗಿನ ಗಟ್ಟಿ ಕೆಂಪು ಮಣ್ಣಿಗೆ ನೀರು ಚಿಮುಕಿಸಿ ದಿಮ್ಮಸು ಹೊಡೆದೆ. ವಾಟ, ಅಂದರೆ ನೀರು ಹರಿಯಲು ಬೇಕಾದ ಇಳಿಜಾರು, ಕೊಡುವುದೂ ಇಲ್ಲಿಂದಲೇ ಶುರು. ಮೇಲೆ ಮರಳಿನಲ್ಲಿ ಸರಿಮಾಡೋಣ ಎಂದರೆ ಮರಳು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗಾಗಿ ಕಲ್ಲು ಒಂದೇ ಸಮ ಕೂರುವುದಿಲ್ಲ. ಗೋಡೆಯಿಂದ ಹೊರಕ್ಕೆ 10 ಅಡಿಗೆ 2 ಇಂಚು ಇಳಿಸಿದೆ. ಜೋರು ಮಳೆ ಬಂದಾಗ ಅಷ್ಟೂ ನೀರು ಸಂದಿಗಳಲ್ಲಿ ಇಂಗುವುದಿಲ್ಲ, ಮಿಕ್ಕಿದ್ದು ಗೋಡೆಯ ಬುಡಕ್ಕೆ ಬರಬಾರದು.

ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪೇ ಸಾಕು. ಅದರಲ್ಲಿ ಒಂದು ಹನಿ ಬಟ್ಟೆಯ ನೀಲಿ ಹಾಕಿದರೆ ಬಿಸಿಲಲ್ಲೂ ಗೆರೆ ಕಾಣುತ್ತದೆ. ಒಳಗೆ ಗುಳ್ಳೆ ಸಿಕ್ಕಿಕೊಂಡಿದ್ದರೆ ಮಟ್ಟ ಸುಳ್ಳು ಹೇಳುತ್ತದೆ, ಹಾಗಾಗಿ ಎರಡೂ ತುದಿಯನ್ನು ಜೊತೆಗೆ ಹಿಡಿದು ನೀರು ಸಮ ನಿಂತಿದೆಯೇ ನೋಡಿಕೊಂಡೇ ಗೂಟಗಳಿಗೆ ಗುರುತು ಹಾಕಿದೆ. ಮೂಲೆಗಳಿಗೆ ಮೇಸ್ತ್ರಿಗಳ ಹಳೆಯ ಲೆಕ್ಕ: ಒಂದು ದಾರದಲ್ಲಿ 3 ಅಡಿ, ಇನ್ನೊಂದರಲ್ಲಿ 4 ಅಡಿ, ಅಡ್ಡಕ್ಕೆ ಸರಿಯಾಗಿ 5 ಅಡಿ ಬಂದರೆ ಮೂಲೆ ಸರಿ.

ಜಲ್ಲಿ ನಾಲ್ಕು ಇಂಚು. ಒಟ್ಟಿಗೆ ಸುರಿದು ಹೊಡೆದರೆ ಮೇಲಷ್ಟೇ ಗಟ್ಟಿಯಾಗುತ್ತದೆ, ಆದ್ದರಿಂದ ಎರಡೆರಡು ಇಂಚು ಹರಡಿ ಬೇರೆಬೇರೆಯಾಗಿ ದಿಮ್ಮಸು ಹೊಡೆದೆ. 20 ಎಂಎಂ ಜಲ್ಲಿಯ ಮೇಲೆ ನೇರವಾಗಿ ಮರಳು ಹಾಕಬೇಡಿ, ಮಳೆ ಬಿದ್ದಂತೆ ಮರಳೆಲ್ಲ ಜಲ್ಲಿಯ ಸಂದಿಗೆ ಇಳಿದುಹೋಗಿ ಕಲ್ಲು ಕುಸಿಯುತ್ತದೆ. ನಾನು ನಡುವೆ ಸಣ್ಣ ಬೇಬಿ ಜಲ್ಲಿ ಎಳೆದು ಸಂದಿ ಮುಚ್ಚಿದೆ. ಸುತ್ತಲೂ ಅಂಚುಗಲ್ಲು ನಿಲ್ಲಿಸಿದೆ. ಇಡೀ ಕೆಲಸದಲ್ಲಿ ಸಿಮೆಂಟ್ ಬಳಸಿದ್ದು ಆ ಅಂಚಿನ ಬುಡಕ್ಕೆ ಮಾತ್ರ. ಅಂಚು ಬಿಗಿಯಿಲ್ಲದಿದ್ದರೆ ಮರಳು ಪಕ್ಕಕ್ಕೆ ಜರುಗಿ ಕಲ್ಲುಗಳ ಸಂದಿ ಬಿಡುತ್ತಾ ಹೋಗುತ್ತದೆ.

ಕಲ್ಲು ಕೂರಿಸುವ ಕೆಲಸ ನನಗೆ ತುಂಬ ಇಷ್ಟವಾಯಿತು. ಕಾರ್ಖಾನೆಯ ಇಂಟರ್‌ಲಾಕ್ ಟೈಲ್ ಎಲ್ಲ ಒಂದೇ ದಪ್ಪ, ಮರಳನ್ನು ಪಟ್ಟಿಯಿಂದ ಎಳೆದು ಸಾಲಾಗಿ ಜೋಡಿಸಬಹುದು. ಕೈಯಲ್ಲಿ ಸೀಳಿದ ಚಪ್ಪಡಿ ಹಾಗಲ್ಲ. ಒಂದರ ಬೆನ್ನು ಉಬ್ಬಿರುತ್ತದೆ, ಇನ್ನೊಂದರ ತುದಿ ತೆಳ್ಳಗಿರುತ್ತದೆ. ಮೊದಲು ಎಲ್ಲವನ್ನೂ ದಪ್ಪ ನೋಡಿ ಬೇರ್ಪಡಿಸಿ ಇಟ್ಟುಕೊಂಡೆ. ಆಮೇಲೆ ಒಂದೊಂದು ಕಲ್ಲನ್ನೂ ಮಗುಚಿ, ಉಬ್ಬು ಎಲ್ಲಿದೆ ನೋಡಿ, ಅಲ್ಲಿ ಕರಣೆಯಿಂದ ಮರಳು ತೋಡಿ, ತೆಳ್ಳಗಿರುವ ಕಡೆ ಒಂದು ಹಿಡಿ ಹೆಚ್ಚು ಹಾಕಿ ಇಳಿಸಿದೆ. ರಬ್ಬರ್ ಸುತ್ತಿಗೆಯಿಂದ ನಡುವಿನಿಂದ ಅಂಚಿಗೆ ಬಡಿಯುತ್ತಾ ಬಂದರೆ ಸದ್ದೇ ಹೇಳುತ್ತದೆ. ಕೆಳಗೆ ಮರಳು ತುಂಬಿದ್ದರೆ ಸದ್ದು ಅಡಗಿದಂತೆ ಬರುತ್ತದೆ, ಪೊಳ್ಳಿದ್ದರೆ ಡಬಡಬ ಅನ್ನುತ್ತದೆ. ಡಬಡಬ ಅಂದದ್ದನ್ನು ಹಾರೆಯಿಂದ ಎತ್ತಿ ಮತ್ತೆ ಕೂರಿಸಲೇಬೇಕು. ಒಂದು ಸಾಲಿನ ಸಂದಿ ಮುಂದಿನ ಸಾಲಿನ ಸಂದಿಗೆ ಎದುರಾಗದಂತೆ, ಇಟ್ಟಿಗೆ ಕಟ್ಟುವ ಹಾಗೆ ಅರ್ಧ ಕಲ್ಲು ಜರುಗಿಸುತ್ತಾ ಹೋದೆ.

ಅಂಚಿನ ಅರ್ಧ ಕಲ್ಲುಗಳನ್ನು ಗ್ರೈಂಡರ್‌ನಲ್ಲಿ ಕತ್ತರಿಸುವಾಗ ಮೇಲೆ ನೀರು ಬಿಡುತ್ತಲೇ ಇರಬೇಕು. ಗ್ರಾನೈಟ್ ಧೂಳು ಶ್ವಾಸಕೋಶ ಹಾಳುಮಾಡುತ್ತದೆ. ಕಲ್ಲು ಒಡೆಯುವ ಎಷ್ಟೋ ಕಾರ್ಮಿಕರಿಗೆ ಸಿಲಿಕೋಸಿಸ್ ಬರುವುದು ಅದರಿಂದಲೇ. ಕಟ್ಟಿಕೊಂಡ ಕರ್ಚೀಫು ಅದನ್ನು ತಡೆಯುವುದಿಲ್ಲ, ಎನ್95 ಮಾಸ್ಕ್ ಹಾಕಿಕೊಳ್ಳಿ.

ಅರ್ಧ ಇಂಚಿನ ಸಂದಿಗಳಿಗೆ ಒಣಗಿದ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ಗುಡಿಸಿ ತುಂಬಿ, ನೀರು ಚಿಮುಕಿಸಿ, ತಗ್ಗಿದಲ್ಲಿ ಮತ್ತೆ ತುಂಬಿದೆ. ಮೊದಲ ಮಳೆಗಾಲ ಮುಗಿದ ಮೇಲೆ ಇನ್ನೊಂದು ಸಲ ತುಂಬಬೇಕಾಗುತ್ತದೆ, ಅದಕ್ಕೆಂದೇ ಒಂದು ಚೀಲ ಎತ್ತಿಡಿ.

ಕಳೆದ ವರ್ಷ ಬಚ್ಚಲ ಪೈಪು ಕಟ್ಟಿಕೊಂಡೇಬಿಟ್ಟಿತು. ಅದರ ಮೇಲಿದ್ದ ಕಲ್ಲುಗಳ ಹಿಂಬದಿಗೆ ಸೀಮೆಸುಣ್ಣದಲ್ಲಿ ಸಂಖ್ಯೆ ಬರೆಯುತ್ತಾ ಎತ್ತಿ ಪಕ್ಕಕ್ಕಿಟ್ಟೆ. ಪ್ಲಂಬರ್ ಪೈಪು ಬದಲಿಸಿದ ಮೇಲೆ ಮಣ್ಣು ಮುಚ್ಚಿ ದಿಮ್ಮಸು ಹೊಡೆದು, ಅದೇ ಜಲ್ಲಿ, ಅದೇ ಮರಳು, ಅದೇ ಕಲ್ಲುಗಳನ್ನು ಅವವುಗಳ ಜಾಗಕ್ಕೇ ಕೂರಿಸಿದೆ. ಹೊಸದಾಗಿ ಕೊಂಡಿದ್ದು ಪೈಪು ಮಾತ್ರ.