ಟ್ರೇ ಮಾಲೋ, ಬಾಕ್ಸ್ ಮಾಲೋ: ಹುಬ್ಬಳ್ಳಿಯಲ್ಲಿ ಸಿಸ್ಟಂ ಜೋಡಿಸುವಾಗ ನಾನು ನೋಡುವುದು

ಹುಬ್ಬಳ್ಳಿಯ ಕಂಪ್ಯೂಟರ್ ಅಂಗಡಿಗಳಲ್ಲಿ ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಮುಖ್ಯ ಚಿಪ್, ಕೇಳಿದರೆ ಮೊದಲು ಬರುವ ಪ್ರಶ್ನೆ, ‘ಬಾಕ್ಸ್ ಬೇಕ್ರಿ, ಟ್ರೇ ನಡೀತೈತ್ರಿ?’ ಚಿಪ್ ಎರಡರಲ್ಲೂ ಅದೇ. ವೇಗದಲ್ಲಿ ಫರಕಿಲ್ಲ. ಬಾಕ್ಸ್ ಅಂದರೆ ಕಂಪನಿಯೇ ಬಿಡಿ ಗಿರಾಕಿಗೆಂದು ಪ್ಯಾಕ್ ಮಾಡಿದ್ದು. ಟ್ರೇ ಅಂದರೆ ಸಿಸ್ಟಂ ತಯಾರಿಸುವವರಿಗೆಂದು ಸಗಟಾಗಿ ಬಂದದ್ದು. ಚಿಪ್ ತಣ್ಣಗಿಡುವ ಕೂಲರ್ ಇಲ್ಲ, ಮೇಲೊಂದು ಪ್ಲಾಸ್ಟಿಕ್ ಹೊದಿಕೆ ಅಷ್ಟೇ. ನಿಜವಾದ ಫರಕು ಇರುವುದು ಹೊಣೆ ಯಾರದು ಎಂಬುದರಲ್ಲಿ. ಬಾಕ್ಸ್ ಪ್ರೊಸೆಸರಿಗೆ ಇಂಟೆಲ್, ಎಎಂಡಿ ತಾವೇ ಸಾಮಾನ್ಯವಾಗಿ 3 ವರ್ಷ ವಾರಂಟಿ ಕೊಡುತ್ತವೆ. ಟ್ರೇ ಚಿಪ್ಪಿಗೆ ಮಾರಿದವರೇ ಹೊಣೆ. ಹಾಗಾಗಿ ಟ್ರೇ ಕೊಂಡಾಗ ಜಿಎಸ್‌ಟಿ ಬಿಲ್ಲಿನ ಮೇಲೆ ಸೀರಿಯಲ್ ನಂಬರನ್ನೂ ವಾರಂಟಿ ಅವಧಿಯನ್ನೂ ಬರೆಸದೆ ನಾನು ದುಡ್ಡು ಕೊಡುವುದಿಲ್ಲ.

ಲೆಕ್ಕ ಹೀಗೆ ಹಾಕುತ್ತೇನೆ. ಎಎಂಡಿಯ ರೈಜನ್ 5 5600 ಬಾಕ್ಸಿನಲ್ಲಿ ರೇತ್ ಸ್ಟೆಲ್ತ್ ಕೂಲರ್ ಇರುತ್ತದೆ, ಅದರ ತಳಕ್ಕೆ ಚಿಪ್ಪಿನ ಬಿಸಿಯನ್ನು ಕೂಲರಿಗೆ ದಾಟಿಸುವ ಪೇಸ್ಟ್ ಮೊದಲೇ ಹಚ್ಚಿರುತ್ತದೆ. ಟ್ರೇಗೂ ಬಾಕ್ಸಿಗೂ 1500 ರೂಪಾಯಿ ಅಂತರ ಅನ್ನಿ; ಕೂಲರಿಗೆ, 1 ಗ್ರಾಂ ಪೇಸ್ಟಿಗೆ ಅದರಲ್ಲೇ ಹೆಚ್ಚಿನದು ಹೋಗುತ್ತದೆ. ಗಿರಾಕಿ ಹೇಗೂ ದೊಡ್ಡ ಕೂಲರ್ ಹಾಕಿಸುವವನಿದ್ದರೆ ಮಾತ್ರ ಟ್ರೇಯಲ್ಲಿ ಉಳಿತಾಯ.

ಟ್ರೇ ಹೆಸರಿನಲ್ಲಿ ಹಳೆಯ ಚಿಪ್ಪೂ ಬರುತ್ತದೆ. ಎಎಂಡಿಯ ಎಎಂ4 ಸಾಕೆಟ್ಟಿನ (ಮದರ್‌ಬೋರ್ಡಿನಲ್ಲಿ ಚಿಪ್ ಕೂರುವ ಜಾಗ) ಪ್ರೊಸೆಸರಿನ ಅಡಿಯಲ್ಲಿ 1331 ಪಿನ್ನುಗಳಿವೆ. ಅಂಗಡಿಯಲ್ಲೇ ಮೊಬೈಲ್ ಟಾರ್ಚನ್ನು ಬದಿಯಿಂದ ಹಿಡಿದು ಸಾಲುಗಳ ಉದ್ದಕ್ಕೆ ನೋಡಬೇಕು, ಆಮೇಲೆ ಚಿಪ್ಪನ್ನು ತಿರುಗಿಸಿ ಅಡ್ಡಕ್ಕೆ ನೋಡಬೇಕು. ನೆಟ್ಟಗಿದ್ದರೆ ಬಿತ್ತಿದ ಸಾಲಿನಂತೆ ನಡುವೆ ಗೆರೆ ಕಾಣುತ್ತದೆ. ಒಂದು ಬಾಗಿದ್ದರೂ ಅಲ್ಲಿ ಗೆರೆ ಮುಚ್ಚುತ್ತದೆ. ಬಳಸಿದ ಚಿಪ್ಪಿನಲ್ಲಿ ಪಿನ್ ಬಾಗಲು ಕಾರಣವಿದೆ: ಗಟ್ಟಿಯಾದ ಪೇಸ್ಟು ಹಿಡಿದುಕೊಂಡಿದ್ದಾಗ ಕೂಲರನ್ನು ನೇರ ಮೇಲಕ್ಕೆ ಎಳೆದರೆ ಪ್ರೊಸೆಸರೂ ಸಾಕೆಟ್ಟಿನಿಂದ ಕಿತ್ತು ಬರುತ್ತದೆ. ಸಿಸ್ಟಂ ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಕೂಲರನ್ನು ತಿರುಚಿ ತೆಗೆದರೆ ಹೀಗಾಗದು. ಲೋಹದ ಮುಚ್ಚಳದ ಅಂಚಿನಲ್ಲಿ ಬೂದು ಪೇಸ್ಟಿನ ಕಲೆ ಕಂಡರೆ ಅದು ಹೊಸದಲ್ಲ, ವಾಪಸ್ ಕೊಡಿ.

ಬಾಕ್ಸ್ ಇದ್ದರೂ ಕಣ್ಣುಮುಚ್ಚಿ ನಂಬಬಾರದು. ಇಂಟೆಲ್ ಆದರೆ ಚಿಪ್ಪಿನ ಮೇಲಿನ ಬ್ಯಾಚ್ ನಂಬರು ಬಾಕ್ಸಿನ ಲೇಬಲ್ಲಿಗೆ ತಾಳೆಯಾಗಬೇಕು. ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ ಇರುವ ಸ್ಟಿಕ್ಕರ್ ಇಲ್ಲದಿದ್ದರೆ ಅದು ಅಡ್ಡದಾರಿಯಲ್ಲಿ ಬಂದ ಮಾಲು. ಇಲ್ಲಿ ವಾರಂಟಿಗೆ ತಕರಾರು ತಪ್ಪದು.

ಹಾರ್ಡ್ ಡಿಸ್ಕಿನ ಮಾತೇ ಬೇರೆ. ಅದು ಹೆಚ್ಚಾಗಿ ಆಂಟಿಸ್ಟ್ಯಾಟಿಕ್ ಚೀಲದಲ್ಲೇ ಸಿಗುತ್ತದೆ, ಅದರಲ್ಲಿ ತಪ್ಪೇನಿಲ್ಲ. ತಪ್ಪಾಗುವುದು ಬೆಂಗಳೂರಿನಿಂದ 400 ಕಿ.ಮೀ. ಬಸ್ಸಿನ ಪಾರ್ಸಲ್ಲಿನಲ್ಲಿ ಒಂದೇ ಸುತ್ತು ಬಬಲ್ ಶೀಟಿನಲ್ಲಿ ಬಂದಾಗ. ಅಂಗಡಿಯಲ್ಲೇ ಸೀರಿಯಲ್ ನಂಬರನ್ನು ತಯಾರಕರ ವೆಬ್‌ಸೈಟಿನಲ್ಲಿ ಹಾಕಿ ನೋಡುತ್ತೇನೆ. ಸಿಸ್ಟಂ ತಯಾರಿಸುವ ಕಂಪನಿಗೆ ಮಾರಿದ್ದು ಎಂದು ಬಂದರೆ ವಾರಂಟಿ ನಮಗೆ ಸಿಗದು, ಕೊಳ್ಳುವುದಿಲ್ಲ. ತಂದ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ, ಡಿಸ್ಕಿನ ಸ್ಥಿತಿ ತೋರಿಸುವ ತಂತ್ರಾಂಶ ತೆರೆದರೆ ಓಡಿದ ಗಂಟೆ ಸೊನ್ನೆಯ ಹತ್ತಿರ ಇರಬೇಕು, ಕೆಟ್ಟ ಜಾಗಗಳನ್ನು ಎಣಿಸುವ 05 ಮತ್ತು ಸಿ5 ಸಾಲಿನ ಕಚ್ಚಾ ಅಂಕಿ ಸೊನ್ನೆಯೇ ಇರಬೇಕು. ಆಮೇಲೆ ಪೂರ್ತಿ ಸರ್ಫೇಸ್ ಸ್ಕ್ಯಾನ್, ಅಂದರೆ ಡಿಸ್ಕಿನ ಪ್ರತಿ ಜಾಗವನ್ನೂ ಓದಿ ನೋಡುವುದು. 4 ಟಿಬಿಗೆ ಏಳೆಂಟು ಗಂಟೆ ಹಿಡಿಯುತ್ತದೆ, ರಾತ್ರಿ ಹಚ್ಚಿಟ್ಟರಾಯಿತು. ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ಲೂ ಸ್ಕ್ರೂಗಳೂ ಡಿಸ್ಕಿನ ಜೊತೆ ಬರುವುದಿಲ್ಲ. 3.5 ಇಂಚಿನ ಡಿಸ್ಕಿಗೆ 6-32 ಸ್ಕ್ರೂ, 2.5 ಇಂಚಿನ ಎಸ್‌ಎಸ್‌ಡಿಗೆ ಎಂ3. ಅದಲುಬದಲು ಮಾಡಿದರೆ ತೂತಿನೊಳಗಿನ ತಿರುಪು ಗೆರೆ ಕೆಡುತ್ತದೆ.

ಬಿಡಿ ರ‍್ಯಾಮ್ ಗದಗಿನ ಪ್ರೆಸ್ಸುಗಳ ಡಿಟಿಪಿ ಕೆಲಸಕ್ಕೆ ಧಾರಾಳ ಸಾಕು. ಡಿಡಿಆರ್4 3200 ಬಿಡಿ ಸ್ಟಿಕ್ ಸಾಮಾನ್ಯವಾಗಿ 1.2 ವೋಲ್ಟಿನಲ್ಲಿ ಸಿಎಲ್22ಕ್ಕೆ ಓಡುತ್ತದೆ (ಸಿಎಲ್ ಅಂದರೆ ಉತ್ತರ ಕೊಡಲು ಹಿಡಿಯುವ ತಡ, ಕಡಿಮೆಯಿದ್ದಷ್ಟೂ ಒಳ್ಳೆಯದು). ಸಿಎಲ್16 ಬೇಕೆಂದರೆ ಎಕ್ಸ್‌ಎಂಪಿ (ತಯಾರಕರು ಹೊಂದಿಸಿಟ್ಟ ವೇಗದ ಸೆಟ್ಟಿಂಗ್) ಇರುವ ಬಾಕ್ಸ್ ಜೋಡಿಯನ್ನೇ ಕೊಳ್ಳಿ.

ಎಸ್‌ಎಂಪಿಎಸ್ (ಸಿಸ್ಟಂಗೆ ಕರೆಂಟು ಕೊಡುವ ಡಬ್ಬಿ) ಮಾತ್ರ ಬಿಡಿಯಾಗಿ ಎಂದೂ ಬೇಡ. ಮಾಡ್ಯುಲರ್, ಅಂದರೆ ಕೇಬಲ್ ಬಿಚ್ಚಿ ಹಾಕುವಂಥದ್ದು, ಆದರೆ ಕೇಬಲ್ಲಿನ ಎಸ್‌ಎಂಪಿಎಸ್ ತುದಿಯ ವೈರಿಂಗ್ ಕಂಪನಿಯಿಂದ ಕಂಪನಿಗೆ, ಒಮ್ಮೊಮ್ಮೆ ಮಾಡೆಲ್ಲಿನಿಂದ ಮಾಡೆಲ್ಲಿಗೆ ಬೇರೆ. ಬೇರೊಂದರ ಕೇಬಲ್ ಸಲೀಸಾಗಿ ಕೂರುತ್ತದೆ, ಆದರೆ 5 ವೋಲ್ಟಿನ ಜಾಗಕ್ಕೆ 12 ವೋಲ್ಟ್ ಹೋಗಿ ಡಿಸ್ಕ್ ಸುಟ್ಟುಹೋಗಬಹುದು.

ಬಿಲ್ಲನ್ನು ಅದೇ ದಿನ ಜೆರಾಕ್ಸ್ ಮಾಡಿಸಿ ಬಾಕ್ಸಿನೊಳಗೆ ಇಡುತ್ತೇನೆ. ಥರ್ಮಲ್ ಕಾಗದದ ಅಕ್ಷರ ವಾರಂಟಿ ಮುಗಿಯುವ ಮೊದಲೇ ಮಾಸಿಹೋಗುತ್ತದೆ.