ಸೆಸ್ನಾ 172ರಲ್ಲಿ ಎಂಜಿನ್ ಬಲ ಕುಂದಿದರೆ

ಒಂಟಿ ಎಂಜಿನ್ನಿನ ಈ ಪುಟ್ಟ ವಿಮಾನದಲ್ಲಿ ಎಂಜಿನ್ ಪೂರ್ತಿ ನಿಂತರೆ ಗೊಂದಲವಿಲ್ಲ, ಇಳಿಯಲೇಬೇಕು. ಅರ್ಧಂಬರ್ಧ ಬಲ ಉಳಿದಾಗಲೇ ಹೆಚ್ಚು ಅಪಾಯ. ‘ಇನ್ನೂ ತಿರುಗುತ್ತಿದೆಯಲ್ಲ, ರನ್‌ವೇ ತನಕ ಎಳೆದೀತು’ ಎಂಬ ಆಸೆಗೆ ಮೂತಿ ಎತ್ತಿ ಹಿಡಿದರೆ ವೇಗ ಕರಗಿ ವಿಮಾನ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಂಡು ಕುಸಿಯುತ್ತದೆ. ಉಳಿದ ಬಲ ಯಾವ ಕ್ಷಣದಲ್ಲಾದರೂ ಹೋಗಬಹುದು ಎಂದೇ ಲೆಕ್ಕ ಹಾಕಿ.

ಇಲ್ಲಿರುವ ಅಂಕಿಗಳು ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇರುವ 172ಪಿ ಮಾದರಿಯವು. ಇಂಜೆಕ್ಷನ್ ಎಂಜಿನ್ನಿನ 172ಎಸ್‌ನಲ್ಲಿ ಗ್ಲೈಡ್ ವೇಗ (ಎಂಜಿನ್ ಬಲವಿಲ್ಲದೆ ಅತಿ ದೂರ ತೇಲುವ ವೇಗ) 68 ನಾಟ್, ಕಾರ್ಬ್ ಹೀಟ್ (ಕಾರ್ಬ್ಯುರೇಟರಿಗೆ ಬಿಸಿ ಗಾಳಿ ಬಿಡುವ ನಾಬ್) ಇರುವುದಿಲ್ಲ. ನೀವು ಹಾರಿಸುವ ವಿಮಾನದ ಕೈಪಿಡಿ ಹೇಳಿದ್ದೇ ಅಂತಿಮ.

ಮೊದಲು ವೇಗ, ಆಮೇಲೆ ಹೊಲ

ಮೂತಿ ಇಳಿಸಿ, 65 ನಾಟ್ ಹಿಡಿದು ಟ್ರಿಮ್ ಮಾಡಿ (ಕೈಬಲವಿಲ್ಲದೆ ಅದೇ ವೇಗ ನಿಲ್ಲುವಂತೆ ಹೊಂದಿಸಿ). ಗಾಳಿಯಿಲ್ಲದಾಗ, ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಪಟ್ಟಿ) ಇಳಿಸದೆ, 1000 ಅಡಿ ಎತ್ತರಕ್ಕೆ ಸುಮಾರು ಒಂದೂವರೆ ನಾಟಿಕಲ್ ಮೈಲಿ ತೇಲಬಹುದು. ಆದರೆ ಆಲ್ಟಿಮೀಟರ್ ತೋರಿಸುವುದು ಸಮುದ್ರಮಟ್ಟದಿಂದ ಎತ್ತರ. ಬೆಂಗಳೂರಿನ ಜಕ್ಕೂರಿನಲ್ಲಿ ನೆಲವೇ ಸುಮಾರು 3000 ಅಡಿಯಲ್ಲಿದೆ. ಮುಳ್ಳು 5000ದಲ್ಲಿದ್ದರೆ ನಿಮ್ಮ ಕೈಯಲ್ಲಿರುವುದು 2000 ಅಡಿ, ಅಂದರೆ ಹೆಚ್ಚೆಂದರೆ ಐದೂವರೆ ಕಿಲೋಮೀಟರ್. ಪ್ರತಿ ತಿರುವೂ ಅದರಲ್ಲಿ ಒಂದಷ್ಟು ತಿನ್ನುತ್ತದೆ.

ಹೊಲ ಗೊತ್ತುಮಾಡಿಕೊಂಡು ಅತ್ತ ತಿರುಗಿ. ಕೊಯ್ಲಾದ ರಾಗಿ ಹೊಲ ಒಳ್ಳೆಯದು. ಕಬ್ಬು, ತೆಂಗಿನ ತೋಟ ಬೇಡ. ಬದುಗಳಿಗೂ ಉಳುಮೆಯ ಸಾಲಿಗೂ ಸಮಾನಾಂತರವಾಗಿ ಇಳಿಯಿರಿ. ಮೇಲಿಂದ ವಿದ್ಯುತ್ ತಂತಿ ಕಾಣುವುದಿಲ್ಲ, ಕಂಬಗಳನ್ನು ಹುಡುಕಿ.

ಕಾರಣ ಹುಡುಕುವ ಕ್ರಮ

ಕಾರ್ಬ್ ಹೀಟ್ ಪೂರ್ತಿ ಎಳೆಯಿರಿ. ಫ್ಯೂಯಲ್ ಸೆಲೆಕ್ಟರ್ (ಟ್ಯಾಂಕ್ ಆರಿಸುವ ಹಿಡಿ) ‘ಬೋತ್’. ಮಿಕ್ಸ್ಚರ್ ರಿಚ್ (ಗಾಳಿಗೆ ಹೆಚ್ಚು ಪೆಟ್ರೋಲ್). ಇಗ್ನಿಷನ್ ‘ಬೋತ್’, ಪ್ರೊಪೆಲರ್ ಪೂರ್ತಿ ನಿಂತಿದ್ದರೆ ಮಾತ್ರ ‘ಸ್ಟಾರ್ಟ್’. ಪ್ರೈಮರ್ (ಸ್ಟಾರ್ಟ್ ಮಾಡುವ ಮುನ್ನ ಪೆಟ್ರೋಲ್ ಒತ್ತುವ ಕೈಪಂಪು) ಒಳಗೆ ಕೂತು ಲಾಕ್ ಆಗಿದೆಯೇ ನೋಡಿ.

ಕಾರ್ಬ್ ಹೀಟ್ ಮೊದಲು ಬರುವುದಕ್ಕೆ ಕಾರಣವಿದೆ. ವೆಂಚುರಿಯಲ್ಲಿ (ಕಾರ್ಬ್ಯುರೇಟರಿನ ಕಿರಿದಾದ ಕಂಠ) ಒತ್ತಡ ಇಳಿದು ಪೆಟ್ರೋಲ್ ಆವಿಯಾಗುವಾಗ ಗಾಳಿ 20 ಡಿಗ್ರಿಗೂ ಹೆಚ್ಚು ತಣ್ಣಗಾಗಬಹುದು. ಹಾಗಾಗಿ ತೇವ ತುಂಬಿದ ಗಾಳಿಯಿದ್ದರೆ, ಹೊರಗೆ 25 ಡಿಗ್ರಿ ಇದ್ದರೂ ಒಳಗೆ ಮಂಜುಗಡ್ಡೆ ಕಟ್ಟಬಹುದು. ಥ್ರಾಟಲ್ ಇಳಿಸಿ ಕೆಳಗಿಳಿಯುವಾಗ ಇನ್ನೂ ಹೆಚ್ಚು. ಥ್ರಾಟಲ್ ಮುಟ್ಟದಿದ್ದರೂ ಆರ್‌ಪಿಎಂ ಮೆಲ್ಲಗೆ ಇಳಿಯುವುದು ಮೊದಲ ಸುಳಿವು, ನಡುಕ ಆಮೇಲೆ. ಹೀಟ್ ಎಳೆದ ಕೂಡಲೇ ಮಂಜು ಕರಗಿ ನೀರು ಸಿಲಿಂಡರಿಗೆ ನುಗ್ಗಿ ಎಂಜಿನ್ ಮೊದಲಿಗಿಂತ ಕೆಟ್ಟದಾಗಿ ಕೆಮ್ಮುತ್ತದೆ. ಹೆದರಿ ನಾಬ್ ವಾಪಸ್ ತಳ್ಳುವ ತಪ್ಪು ಆಗುವುದು ಇಲ್ಲೇ. ಆರ್‌ಪಿಎಂ ಏರುವ ತನಕ ಹಾಗೇ ಬಿಡಿ.

ನಡುಕ ದಿಢೀರನೆ ಬಂದರೆ ಮ್ಯಾಗ್ನೆಟೊ (ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಕೊಡುವ ಉಪಕರಣ, ಎಡ–ಬಲ ಎರಡಿವೆ) ಮೇಲೆ ಅನುಮಾನಪಡಿ. ಕೀಲಿಯನ್ನು ಎಡಕ್ಕೆ, ಬಲಕ್ಕೆ ಹಾಕಿ ನೋಡಿ, ಸರಿಯಾಗಿ ಓಡುವ ಕಡೆ ಬಿಡಿ. ಆಯಿಲ್ ಒತ್ತಡ ಇಳಿದು ಉಷ್ಣತೆ ಏರುತ್ತಿದ್ದರೆ ಹುಡುಕಾಟ ಬಿಟ್ಟು ಇಳಿಯುವುದನ್ನೇ ನೋಡಿ.

ಸಮಯವಿದ್ದರೆ ಮಾತಾಡುತ್ತಿರುವ ಫ್ರೀಕ್ವೆನ್ಸಿಯಲ್ಲೇ ‘ಮೇಡೇ’ ಹೇಳಿ, ಇಲ್ಲವೇ ತುರ್ತು ಫ್ರೀಕ್ವೆನ್ಸಿ 121.5ರಲ್ಲಿ. ಟ್ರಾನ್ಸ್‌ಪಾಂಡರಿನಲ್ಲಿ (ರಾಡಾರಿಗೆ ಗುರುತು ಕಳಿಸುವ ಯಂತ್ರ) ತುರ್ತು ಕೋಡ್ 7700 ಹಾಕಿ.

ಟೇಕಾಫ್ ಆದ ತಕ್ಷಣವಾದರೆ

ಹಿಂದಕ್ಕೆ ತಿರುಗಬೇಡಿ. ಬಿಟ್ಟ ರನ್‌ವೇಗೇ ಮರಳಿ ಜೋಡಿಸಿಕೊಳ್ಳಲು 180 ಡಿಗ್ರಿ ತಿರುವು ಸಾಲುವುದಿಲ್ಲ, ಅಲ್ಲದೆ 45 ಡಿಗ್ರಿ ವಾಲಿದರೆ ಸ್ಟಾಲ್ ವೇಗ ಸುಮಾರು ಶೇ 19 ಏರುತ್ತದೆ. ಮೂತಿ ಇಳಿಸಿ, ಎದುರಿಗೆ ಅಥವಾ ತುಸು ಓರೆಗೆ ಸಿಕ್ಕ ಬಯಲಲ್ಲಿ ಇಳಿಸಿ. ಆ ಬಯಲು ಯಾವುದೆಂದು ಥ್ರಾಟಲ್ ತಳ್ಳುವ ಮೊದಲೇ ತೀರ್ಮಾನವಾಗಿರಬೇಕು.

ಇಳಿಯುವಾಗ

ಹೊಲ ಖಚಿತವಾದ ಮೇಲೆ ಉಳಿದ ಬಲವನ್ನು ನೆಚ್ಚಬೇಡಿ. ಕೊನೆ ಗಳಿಗೆಯಲ್ಲಿ ಎಂಜಿನ್ ದಿಢೀರನೆ ಜೀವ ಪಡೆದರೆ ಹೊಲ ದಾಟಿಸಿಬಿಡುತ್ತದೆ. ಮಿಕ್ಸ್ಚರ್ ಪೂರ್ತಿ ಹೊರಗೆಳೆದು ಫ್ಯೂಯಲ್, ಇಗ್ನಿಷನ್ ಬಂದ್ ಮಾಡಿ. ಫ್ಲ್ಯಾಪ್ 30 ಡಿಗ್ರಿ, ವೇಗ 60 ನಾಟ್. ಫ್ಲ್ಯಾಪಿಗೆ ವಿದ್ಯುತ್ ಬೇಕು. ಆದ್ದರಿಂದ ಮಾಸ್ಟರ್ ಸ್ವಿಚ್ ಆರಿಸುವುದು ಅದಾದ ಮೇಲೆ. ಬಾಗಿಲು ಸಿಕ್ಕಿಕೊಳ್ಳದಂತೆ ಚಿಲಕ ತೆಗೆದಿಡಿ. ಬಾಲ ತುಸು ತಗ್ಗಿರುವಂತೆ ನೆಲ ಮುಟ್ಟಿಸಿ, ಬ್ರೇಕ್ ಬಲವಾಗಿ ಒತ್ತಿ.